ಅಲೆಕ್ಸ್ ಸ್ಮಿತ್ ಜಾಗಕ್ಕೆ ಯಾರು?

2012ರ ನವೆಂಬರ್ 11ರ ಭಾನುವಾರ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ವಿರುದ್ಧ ಆಡುತ್ತಿದ್ದ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ತಲೆಗೆ ಪೆಟ್ಟು ತಿಂದರು. ದೃಷ್ಟಿ ಮಂಜಾಗಿದ್ದರೂ ಒಂದು ಟಚ್‌ಡೌನ್ ಪಾಸ್ ಎಸೆದು, ಆಮೇಲೆ ಅಂಗಳ ಬಿಟ್ಟರು. ಪಂದ್ಯ 24–24ರ ಸಮಬಲದಲ್ಲಿ ಮುಗಿಯಿತು. ಎಂಟು ದಿನಗಳ ನಂತರ, ಸೋಮವಾರ ರಾತ್ರಿಯ ಪಂದ್ಯದಲ್ಲಿ, ಎರಡನೇ ವರ್ಷದ ಆಟಗಾರ ಕಾಲಿನ್ ಕೇಪರ್ನಿಕ್ ಆ ಜಾಗಕ್ಕೆ ಬಂದರು. ಚಿಕಾಗೊ ಬೇರ್ಸ್ ವಿರುದ್ಧ 32–7ರ ಗೆಲುವು. ಸ್ಮಿತ್ ಗುಣಮುಖರಾದರು, ವೈದ್ಯರು ಆಡಬಹುದೆಂದರು. ಕೋಚ್ ಜಿಮ್ ಹಾರ್ಬೊ ಮಾತ್ರ ಅವರನ್ನು ಮತ್ತೆ ಆಡಿಸಲಿಲ್ಲ.

ಸೋಲುತ್ತಿದ್ದ ತಂಡ ಹತಾಶೆಯಿಂದ ಮಾಡಿದ ಬದಲಾವಣೆ ಇದಾಗಿದ್ದರೆ ಹೇಳುವುದು ಹೆಚ್ಚೇನೂ ಇರುತ್ತಿರಲಿಲ್ಲ. ಸ್ಮಿತ್‌ಗೆ ಪೆಟ್ಟಾದ ಆ ಪಂದ್ಯಕ್ಕೆ ಮುಂಚೆ ತಂಡ ಎಂಟರಲ್ಲಿ ಆರು ಗೆದ್ದಿತ್ತು. ಅದಕ್ಕೂ ಎರಡು ವಾರ ಹಿಂದೆ ಅರಿಜೋನದಲ್ಲಿ ಸ್ಮಿತ್ ಎಸೆದ 19 ಪಾಸ್‌ಗಳಲ್ಲಿ 18 ಸಹ ಆಟಗಾರರ ಕೈ ಸೇರಿದ್ದವು. ಹಿಂದಿನ ವರ್ಷ ಅವರ ಮುಂದಾಳತ್ವದಲ್ಲಿ ತಂಡ 16ರಲ್ಲಿ 13 ಗೆದ್ದು, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇರುವಾಗ ಹೆಚ್ಚುವರಿ ಅವಧಿಯಲ್ಲಿ ಸೋತಿತ್ತು. ಇಷ್ಟು ಚೆನ್ನಾಗಿ ಆಡುತ್ತಿದ್ದವರನ್ನು ಬದಲಿಸಿದ್ದು ಸರಿಯೇ? ಅಮೆರಿಕದಲ್ಲಿ ಅಂದು ಈ ಪ್ರಶ್ನೆಗೆ ಜನ ಎರಡು ಪಾಲಾದರು. ಫಾರ್ಟಿನೈನರ್ಸ್ ನೆಲೆಯಾದ ಬೇ ಏರಿಯಾದಲ್ಲಿ ಕನ್ನಡಿಗರ ಸಂಖ್ಯೆ ದೊಡ್ಡದು. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಈ ತಂಡದ ಕೆಂಪು ಅಂಗಿ ತೊಟ್ಟು ಟೀವಿ ಮುಂದೆ ಕೂರುತ್ತಾರೆ. ಅವರು ಫೋನಿನಲ್ಲಿ ಏನು ಹೇಳಿಕೊಂಡು ಕೊರಗುತ್ತಿದ್ದಾರೆಂದು ಇಲ್ಲಿನವರಿಗೂ ತಿಳಿಯಲೆಂದು ಆಟದ ಒಳಗನ್ನು ಸ್ವಲ್ಪ ಬಿಡಿಸಿಟ್ಟೇ ಮುಂದೆ ಹೋಗುತ್ತೇನೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟ ನಿಂತು ನಿಂತು ಸಾಗುತ್ತದೆ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೀಗೆ ಸಾಗಿ ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಬಹುತೇಕ ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಕೋಚ್ ಹೇಳಿದ ತಂತ್ರ ಅವನ ಹೆಲ್ಮೆಟ್ ಒಳಗಿನ ರೇಡಿಯೊದಲ್ಲಿ ಕೇಳಿಸುತ್ತದೆ. ಆ ಅವಕಾಶ ಶುರು ಮಾಡಲು ಇರುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ದನಿ ತಾನಾಗಿ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ. ಎದುರಾಳಿಗಳು ನಿಂತ ಬಗೆ ನೋಡಿ ತಂತ್ರ ಬದಲಿಸಬೇಕೋ ಬೇಡವೋ ಎಂಬುದನ್ನು ಚೆಂಡು ಬರುವ ಮೊದಲೇ ನಿರ್ಧರಿಸಬೇಕು. ಯಾರಿಗೆ ಎಸೆಯಬೇಕು, ಎಸೆಯದೆ ನೆಲಕ್ಕೆ ಬೀಳುವುದೇ ಲೇಸೋ, ಇಷ್ಟನ್ನೂ ಚೆಂಡು ಕೈಗೆ ಬಂದ ಮೂರು ಸೆಕೆಂಡಿನೊಳಗೆ ತೀರ್ಮಾನಿಸಬೇಕು. ಕ್ರಿಕೆಟ್‌ನಲ್ಲಿ ಆರಂಭಿಕ ಆಟಗಾರ ಸೊನ್ನೆಗೆ ಔಟಾದರೆ ಉಳಿದ ಹತ್ತು ಮಂದಿ ಇರುತ್ತಾರೆ. ಇಲ್ಲಿ ಕ್ವಾರ್ಟರ್‌ಬ್ಯಾಕ್ ಎಡವಿದರೆ ಅಂಗಳದಲ್ಲಿರುವ ಉಳಿದವರು ಅದನ್ನು ತುಂಬಿಕೊಡಲಾರರು.

ಹಾಗಾಗಿಯೇ ಎರಡು ಪಂದ್ಯ ಸೋತರೆ ಸಾಕು, ಬೆಂಚಿನ ಮೇಲೆ ಕೂತವನ ಹೆಸರು ಕೂಗಲು ಶುರುವಾಗುತ್ತದೆ. ಊರಿನಲ್ಲಿ ಎಲ್ಲರಿಗಿಂತ ಜನಪ್ರಿಯ ವ್ಯಕ್ತಿ ಎರಡನೇ ಕ್ವಾರ್ಟರ್‌ಬ್ಯಾಕ್ ಎಂಬ ಮಾತು ಅಮೆರಿಕದಲ್ಲಿ ಹಳೆಯದು. ಅವನು ಇನ್ನೂ ತಪ್ಪು ಮಾಡಿಲ್ಲ, ಏಕೆಂದರೆ ಇನ್ನೂ ಆಡಿಯೇ ಇಲ್ಲ. ವಾರದ ಅಭ್ಯಾಸದಲ್ಲೂ ಅವನಿಗೆ ಸಿಗುವುದು ಚೂರುಪಾರು. ಮೊದಲ ಸಾಲಿನ ಆಟಗಾರರ ಜೊತೆಗಿನ ಅಭ್ಯಾಸ ಬಹುತೇಕ ಒಂದನೆಯವನಿಗೇ ಮೀಸಲು. ಎರಡನೆಯವನು ಮುಂದಿನ ವಾರದ ಎದುರಾಳಿಯ ತಂತ್ರಗಳನ್ನು ಅನುಕರಿಸಿ ತನ್ನದೇ ಡಿಫೆನ್ಸ್‌ಗೆ ತಾಲೀಮು ಕೊಡುತ್ತಿರುತ್ತಾನೆ. ಅವನೊಳಗೆ ಏನಿದೆ ಎಂಬುದು ದಿನಾ ನೋಡುವ ಕೋಚ್‌ಗಳಿಗೆ ಅಷ್ಟಿಷ್ಟು ಗೊತ್ತು. ಗ್ಯಾಲರಿಗೆ ಏನೇನೂ ಗೊತ್ತಿಲ್ಲ.

ನನ್ನ ನಿಲುವು ಇಷ್ಟು: ತಂಡ ಸೋಲುತ್ತಿದೆ ಎಂಬುದು ಕ್ವಾರ್ಟರ್‌ಬ್ಯಾಕ್ ಬದಲಿಸಲು ಕಾರಣವಲ್ಲ, ಗೆಲ್ಲುತ್ತಿದೆ ಎಂಬುದು ಬದಲಿಸದಿರಲೂ ಕಾರಣವಲ್ಲ. ಈಗ ಅಂಗಳದಲ್ಲಿ ಆಗದೇ ಇರುವ ಯಾವ ಕೆಲಸ ಹೊಸಬನಿಂದ ಆಗುತ್ತದೆ ಎಂದು ಬೆರಳಿಟ್ಟು ತೋರಿಸಲು ಕೋಚ್‌ಗೆ ಸಾಧ್ಯವಿರಬೇಕು. ಹಾಗೆ ತೋರಿಸಲಾಗದಿದ್ದರೆ ಅದು ಜನರ ಸಿಟ್ಟಿಗೆ ಒಬ್ಬನನ್ನು ಬಲಿ ಕೊಟ್ಟಂತೆ, ಅಷ್ಟೇ.

ಹಾರ್ಬೊಗೆ ತೋರಿಸಲು ಸಾಧ್ಯವಿತ್ತು. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಕ್ಕದ ಓಟಗಾರನ ಕೈಗಿತ್ತ ಮೇಲೆ ಸುಮ್ಮನೆ ನಿಂತು ನೋಡುತ್ತಾನೆ. ಅಂದರೆ ಎದುರಾಳಿಯ 11 ಮಂದಿಗೆ ಇವರು 10. ಅದರಲ್ಲೊಬ್ಬ ಚೆಂಡು ಹಿಡಿದು ಓಡುವವನಾದ್ದರಿಂದ ಎದುರಾಳಿಗಳನ್ನು ತಡೆಯಲು ಉಳಿಯುವವರು ಒಂಬತ್ತೇ ಮಂದಿ. ಈ ಲೆಕ್ಕವನ್ನು ತಿರುಗಿಸುವ ತಂತ್ರವೊಂದಿದೆ. ಎದುರಾಳಿಯ ಸಾಲಿನ ಕೊನೆಯಲ್ಲಿ ನಿಂತವನನ್ನು ಯಾರೂ ತಡೆಯದೆ ಬೇಕೆಂದೇ ಬಿಟ್ಟುಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಯ ಬಳಿ ಹಿಡಿದು ಆ ಒಬ್ಬನನ್ನೇ ನೋಡುತ್ತಾನೆ. ಅವನು ಒಳಕ್ಕೆ ನುಗ್ಗಿದರೆ ಚೆಂಡನ್ನು ತಾನೇ ಇಟ್ಟುಕೊಂಡು ಹೊರಗಿನಿಂದ ಓಡುತ್ತಾನೆ. ಅವನು ಜಾಗ ಬಿಡದೆ ನಿಂತರೆ ಚೆಂಡನ್ನು ಓಟಗಾರನಿಗೆ ಬಿಡುತ್ತಾನೆ. ಕೈಯಿಂದ ಮುಟ್ಟದೆಯೇ ಒಬ್ಬ ಎದುರಾಳಿಯನ್ನು ಆಟದಿಂದ ಕಳಚಿದಂತಾಯಿತು. ಕೇಪರ್ನಿಕ್ ಓದಿದ್ದ ನೆವಾಡ ವಿಶ್ವವಿದ್ಯಾಲಯದಲ್ಲಿ ಕೋಚ್ ಕ್ರಿಸ್ ಆಲ್ಟ್ ರೂಪಿಸಿದ 'ಪಿಸ್ತೂಲ್' ವ್ಯೂಹ ಈ ತಂತ್ರಕ್ಕೆ ಹೇಳಿ ಮಾಡಿಸಿದ್ದು. ಕಾಲೇಜು ದಿನಗಳಿಂದ ಕೇಪರ್ನಿಕ್‌ಗೆ ಅದು ಮೈಗೂಡಿತ್ತು. ಸ್ಮಿತ್ ಓಡಲಾರದವರೇನಲ್ಲ, ಆದರೆ ಕೇಪರ್ನಿಕ್ ಓಡಿದರೆ ಹಿಂಬಾಲಿಸಿದವರು ಹಿಂದೆಯೇ ಉಳಿಯುತ್ತಿದ್ದರು.

ಫಲ 2013ರ ಜನವರಿ 12ರಂದು ಕಂಡಿತು. ಪ್ಲೇಆಫ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಕೇಪರ್ನಿಕ್ ಓಡಿಯೇ 181 ಗಜ ಗಳಿಸಿದರು. ಒಂದು ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬರ ಓಟಕ್ಕೆ ಅದು ಅಂದಿನ ದಾಖಲೆ. ತಂಡ 45–31ರಿಂದ ಗೆದ್ದಿತು, ಮುಂದಿನ ವಾರ ಅಟ್ಲಾಂಟದಲ್ಲಿ 17–0ಯಿಂದ ಹಿಂದೆ ಬಿದ್ದು 28–24ರಿಂದ ಗೆದ್ದಿತು, ಸೂಪರ್ ಬೌಲ್‌ನಲ್ಲಿ ಬಾಲ್ಟಿಮೋರ್ ರೇವನ್ಸ್‌ಗೆ 34–31ರಿಂದ ಸೋತಿತು. ಕೊನೆಯ ದಾಳಿ ಗೆರೆಗೆ ಐದು ಗಜ ದೂರದಲ್ಲಿ ನಿಂತುಹೋಯಿತು. ಸ್ಮಿತ್ ಆಡಿದ್ದರೆ ಆ ಐದು ಗಜ ದಾಟುತ್ತಿದ್ದರು ಎನ್ನುವವರು ಇಂದಿಗೂ ಇದ್ದಾರೆ. ಸ್ಮಿತ್ ಆಡಿದ್ದರೆ ತಂಡ ಅಲ್ಲಿವರೆಗೆ ಬರುತ್ತಿತ್ತೇ ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಆಟದ ದೃಷ್ಟಿಯಿಂದ ಹಾರ್ಬೊ ಸರಿ. ಆದರೂ ಆ ಬದಲಾವಣೆ ಒಳಗೆ ಬಂದ ಬಾಗಿಲಿನ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಗಾಯಗೊಂಡವನ ಜಾಗ ಕಾಯ್ದಿಡಬೇಕು ಎಂಬುದು ಫುಟ್‌ಬಾಲ್‌ನಲ್ಲಿ ಎಲ್ಲೂ ಬರೆದಿಡದ, ಎಲ್ಲರಿಗೂ ಗೊತ್ತಿರುವ ಕಟ್ಟಳೆ. ಮೊಣಕಾಲಿನ ಗಾಯ ಮುಚ್ಚಿಡಲಾಗದು. ತಲೆಯ ಪೆಟ್ಟನ್ನು ಮುಚ್ಚಿಡಬಹುದು. ಪೆಟ್ಟು ತಿಂದವನೇ ಬಾಯಿಬಿಟ್ಟು ಹೇಳಿದರಷ್ಟೇ ಅದು ಹೊರಬರುವ ಸಂದರ್ಭಗಳು ಬಹಳ. ಆಟ ನಿಲ್ಲಿಸಿ ಎಷ್ಟೋ ವರ್ಷಗಳ ಮೇಲೆ ನೆನಪು ಕಳೆದುಕೊಂಡ, ಮನಸ್ಸು ಹದ ತಪ್ಪಿದ ಹಿರಿಯ ಆಟಗಾರರು ಸಾವಿರಾರು ಸಂಖ್ಯೆಯಲ್ಲಿ ಲೀಗ್ ಮೇಲೆ ಮೊಕದ್ದಮೆ ಹೂಡಿದ್ದ ಕಾಲ ಅದು. ಪೆಟ್ಟು ಬಿದ್ದರೆ ಹೇಳಿ, ಮುಚ್ಚಿಡಬೇಡಿ ಎಂದು ಲೀಗ್ ಆಟಗಾರರಿಗೆ ಬುದ್ಧಿ ಹೇಳುತ್ತಿತ್ತು. ಅಂಥ ಹೊತ್ತಿನಲ್ಲಿ ತಲೆಗೆ ಪೆಟ್ಟಾಗಿ ಹೊರಬಂದ ಆಟಗಾರ, ತನ್ನ ಬದುಕಿನ ಅತ್ಯುತ್ತಮ ಆಟವಾಡುತ್ತಿದ್ದಾಗಲೇ ಕೆಲಸ ಕಳೆದುಕೊಂಡ. ಉಳಿದ 31 ತಂಡಗಳ ಆಟಗಾರರು ಅದರಿಂದ ಏನು ಕಲಿತಿರಬಹುದು? 2018ರ ಸೆಪ್ಟೆಂಬರ್ 20ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಟೈರೋಡ್ ಟೇಲರ್ ಇದೇ ರೀತಿ ತಲೆಗೆ ಪೆಟ್ಟಾಗಿ ಹೊರಬಂದರು. ಒಳಗೆ ಹೋದ ಬೇಕರ್ ಮೇಫೀಲ್ಡ್ ಅಂದೇ ಪಂದ್ಯ ಗೆಲ್ಲಿಸಿದರು, ಜಾಗ ಅವರದೇ ಆಯಿತು.

ತಲೆಗೆ ಪೆಟ್ಟಾದ ಕ್ವಾರ್ಟರ್‌ಬ್ಯಾಕ್ ಗುಣವಾದ ಮೇಲೆ ಕನಿಷ್ಠ ಒಂದು ಪಂದ್ಯವಾದರೂ ಅವನಿಗೇ ಸಿಗಬೇಕು ಎಂಬ ನಿಯಮವಿದ್ದರೆ ನಾನು ಕೈಯೆತ್ತಿ ಬೆಂಬಲಿಸುತ್ತೇನೆ. ಒಂದು ಪಂದ್ಯದಿಂದ ಯಾವ ತಂಡವೂ ಮುಳುಗುವುದಿಲ್ಲ. ಕೇಪರ್ನಿಕ್ ಬಗ್ಗೆ ಹಾರ್ಬೊಗೆ ಅಷ್ಟು ನಂಬಿಕೆ ಇದ್ದಿದ್ದರೆ, ಸ್ಮಿತ್ ಆರೋಗ್ಯವಾಗಿದ್ದಾಗಲೇ ಎದುರು ಕೂರಿಸಿ ಅದನ್ನು ಹೇಳುವ ಎದೆಗಾರಿಕೆ ಇರಬೇಕಿತ್ತು.

2012ರಿಂದ ಐದು ವರ್ಷ ಮುಂದೆ ಬರೋಣ. ಬೆರಳಿಟ್ಟು ತೋರಿಸುವ ಕಾರಣವಿಲ್ಲದೆ ಬದಲಿಸಿದರೆ ಏನಾಗುತ್ತದೆಂದು 2017ರ ಬಫಲೊ ಬಿಲ್ಸ್ ತೋರಿಸಿಕೊಟ್ಟಿತು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಆ ಟೈರೋಡ್ ಟೇಲರೇ. ಹೊಸ ಕೋಚ್ ಶಾನ್ ಮೆಕ್‌ಡರ್ಮಟ್. ಒಂಬತ್ತು ಪಂದ್ಯಗಳಲ್ಲಿ ಐದು ಗೆಲುವು, ನಾಲ್ಕು ಸೋಲು. ತಂಡ ಪ್ಲೇಆಫ್ ಮುಖ ನೋಡಿ 17 ವರ್ಷಗಳಾಗಿದ್ದವು, ಈಗ ಅದರ ಆಸೆ ಚಿಗುರಿತ್ತು. ಆದರೆ ಒಂಬತ್ತನೆಯ ಪಂದ್ಯದಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ 47–10ರಿಂದ ಬಡಿದುಹಾಕಿತ್ತು. ಟೇಲರ್ ಅಂದು ಎಸೆದು ಗಳಿಸಿದ್ದು ಬರೀ 56 ಗಜ. ಪಂದ್ಯ ಕೈತಪ್ಪಿದ ಮೇಲೆ, ಕೊನೆಯ ಹೊತ್ತಿನಲ್ಲಿ, ಆ ವರ್ಷವಷ್ಟೇ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಐದನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ನೇಥನ್ ಪೀಟರ್‌ಮನ್ ಒಳಗೆ ಬಂದು ಹತ್ತರಲ್ಲಿ ಏಳು ಪಾಸ್ ಮುಟ್ಟಿಸಿ ಒಂದು ಟಚ್‌ಡೌನ್ ಗಳಿಸಿದರು. ಮುಂದಿನ ವಾರ ಅವರೇ ಒಂದನೇ ಕ್ವಾರ್ಟರ್‌ಬ್ಯಾಕ್ ಎಂದು ಮೆಕ್‌ಡರ್ಮಟ್ ಘೋಷಿಸಿದರು.

ಆ ಸೋಲಿನ ಲೆಕ್ಕಪುಸ್ತಕ ತೆರೆದರೆ ಬೇರೆಯೇ ಕಥೆ ಇದೆ. ಸೇಂಟ್ಸ್ ಆಟಗಾರರು ಅಂದು ಬರೀ ಓಡಿಯೇ 298 ಗಜ ಗಳಿಸಿದ್ದರು, ಆರು ಟಚ್‌ಡೌನ್‌ಗಳೂ ಓಟದಿಂದಲೇ ಬಂದಿದ್ದವು. ಬಫಲೊದ ಡಿಫೆನ್ಸ್ ಗೋಡೆ ಪೂರ್ತಿ ಕುಸಿದಿತ್ತು. ಡಿಫೆನ್ಸ್ ಆಡುವಾಗ ಕ್ವಾರ್ಟರ್‌ಬ್ಯಾಕ್ ಅಂಗಳದಲ್ಲೇ ಇರುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಇನ್ನು ಪೀಟರ್‌ಮನ್ ತೋರಿಸಿದ ಆ ಚುರುಕು ಎಂಥದು? ಅಷ್ಟು ದೊಡ್ಡ ಮುನ್ನಡೆ ಇರುವ ಎದುರಾಳಿ ಸಣ್ಣ ಪಾಸ್‌ಗಳನ್ನು ತಡೆಯುವ ಗೋಜಿಗೇ ಹೋಗುವುದಿಲ್ಲ. ಗಡಿಯಾರ ಓಡಿದರೆ ಸಾಕು ಎಂದು ಹಿಂದೆ ಸರಿದು ನಿಂತಿರುತ್ತದೆ. ಅಂಥ ಹೊತ್ತಿನ ಅಂಕಿ ನೋಡಿ ಆಟಗಾರನ ಬೆಲೆ ಕಟ್ಟಬಾರದು.

ನವೆಂಬರ್ 19ರಂದು ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ ಪೀಟರ್‌ಮನ್ ಮೊದಲರ್ಧದಲ್ಲೇ ಐದು ಬಾರಿ ಚೆಂಡನ್ನು ಎದುರಾಳಿಯ ಕೈಗೆ ಎಸೆದರು (ಇಂಟರ್‌ಸೆಪ್ಷನ್). 14 ಪಾಸ್‌ಗಳಲ್ಲಿ ತಮ್ಮವರ ಕೈ ಸೇರಿದ್ದು ಆರು. ದ್ವಿತೀಯಾರ್ಧಕ್ಕೆ ಟೇಲರ್ ಅವರನ್ನು ಕರೆಯಬೇಕಾಯಿತು, ಪಂದ್ಯ 54–24ರಿಂದ ಹೋಯಿತು. ಆ ಹುಡುಗನ ಹೆಸರು ಹಾಸ್ಯಕ್ಕೆ ಈಡಾದದ್ದು ನನಗೆ ನೋವಿನ ಸಂಗತಿ. ತಪ್ಪು ಅವರದಲ್ಲ. ಮೊದಲ ಸಾಲಿನ ಜೊತೆ ಕೆಲವೇ ದಿನ ಅಭ್ಯಾಸ ಮಾಡಿದವರನ್ನು ಪ್ಲೇಆಫ್ ಕನಸಿನ ಮಧ್ಯೆ ದೂಡಿದವರದು. ಮೆಕ್‌ಡರ್ಮಟ್ ಅವರನ್ನು ಒಂದಕ್ಕೆ ಮೆಚ್ಚಬೇಕು: ಹಟ ಹಿಡಿಯದೆ ಮರುವಾರವೇ ಟೇಲರ್ ಅವರನ್ನು ಮೊದಲ ಜಾಗಕ್ಕೆ ಮರಳಿಸಿದರು. ಆ ವರ್ಷ ಬಫಲೊ 9–7ರಲ್ಲಿ ಮುಗಿಸಿ, 1999ರ ಋತುವಿನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿತು.

ಟೇಲರ್ ಮರಳಿ ಬಂದ ಆ ಪಂದ್ಯ ನಡೆದದ್ದು ನವೆಂಬರ್ 26ರಂದು ಕ್ಯಾನ್ಸಸ್ ಸಿಟಿಯಲ್ಲಿ. ಬಫಲೊ 16–10ರಿಂದ ಗೆದ್ದಿತು. ಅಂದು ಎದುರು ಪಾಳಯದ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್. ಫಾರ್ಟಿನೈನರ್ಸ್ 2013ರಲ್ಲಿ ಅವರನ್ನು ಕ್ಯಾನ್ಸಸ್ ಸಿಟಿ ಚೀಫ್ಸ್‌ಗೆ ಕಳಿಸಿಕೊಟ್ಟಿತ್ತು. ಅಲ್ಲಿ ಅವರ ಹಿಂದೆ ಬೆಂಚಿನ ಮೇಲೆ ಕೂತಿದ್ದವರು ಪ್ಯಾಟ್ರಿಕ್ ಮಹೋಮ್ಸ್. ಏಪ್ರಿಲ್‌ನಲ್ಲಿ ನಡೆದ ಡ್ರಾಫ್ಟ್‌ನ ಹತ್ತನೇ ಆಯ್ಕೆಯಲ್ಲಿ ಚೀಫ್ಸ್ ಅವರನ್ನು ತಂದಿತ್ತು. ಆ ಹತ್ತನೇ ಸರದಿಯನ್ನು ಚೀಫ್ಸ್‌ಗೆ ಬಿಟ್ಟುಕೊಟ್ಟ ತಂಡ ಬಫಲೊ ಬಿಲ್ಸ್!

ಚೀಫ್ಸ್ ಆ ವರ್ಷ ಮೊದಲ ಐದೂ ಪಂದ್ಯ ಗೆದ್ದು ಆಮೇಲೆ ಮುಗ್ಗರಿಸಿತ್ತು. ಬಫಲೊ ವಿರುದ್ಧದ ಸೋಲಿನ ಮೇಲೆ ಮಹೋಮ್ಸ್ ಬೇಕು ಎಂಬ ಕೂಗು ಜೋರಾಯಿತು. ಕೋಚ್ ಆ್ಯಂಡಿ ರೀಡ್ ಏನು ಮಾಡಿದರು ನೋಡಿ. ಸ್ಮಿತ್ ಅವರನ್ನು ಬದಲಿಸಲಿಲ್ಲ. ಪ್ರತಿ ಹೆಜ್ಜೆಗೂ ಯಾವ ತಂತ್ರ ಎಂದು ಹೇಳುವ ಕೆಲಸ ರೀಡ್ ಅವರದಾಗಿತ್ತು. ಅದನ್ನು ಸಹಾಯಕ ಮ್ಯಾಟ್ ನ್ಯಾಗಿಗೆ ವಹಿಸಿದರು. ಅಂದರೆ ಬದಲಾಯಿಸಿದ್ದು ತಮ್ಮನ್ನೇ. ಮುಂದಿನ ಪಂದ್ಯವನ್ನು ನ್ಯೂಯಾರ್ಕ್ ಜೆಟ್ಸ್ ವಿರುದ್ಧ 38–31ರಿಂದ ಸೋತರೂ ಸ್ಮಿತ್ ನಾಲ್ಕು ಟಚ್‌ಡೌನ್ ಪಾಸ್ ಎಸೆದಿದ್ದರು. ದೋಷ ಎಲ್ಲಿದೆ ಎಂದು ಹುಡುಕುವವರು ಮೊದಲು ತಮ್ಮ ಕೈಯಲ್ಲಿರುವುದನ್ನು ಪರೀಕ್ಷಿಸಿಕೊಳ್ಳುವುದು ಕ್ರೀಡೆಯಲ್ಲಿ ಅಪರೂಪ, ಅದರಲ್ಲೂ ರೀಡ್ ಅವರಷ್ಟು ಹೆಸರಿದ್ದವರಲ್ಲಿ. ಆಮೇಲಿನ ನಾಲ್ಕೂ ಪಂದ್ಯ ಗೆದ್ದು ಚೀಫ್ಸ್ 10–6ರಲ್ಲಿ ಪ್ಲೇಆಫ್ ಸೇರಿತು. ಸ್ಮಿತ್ 4,042 ಗಜ, 26 ಟಚ್‌ಡೌನ್, ಕೇವಲ ಐದು ಇಂಟರ್‌ಸೆಪ್ಷನ್‌ಗಳೊಂದಿಗೆ ಪಾಸರ್ ರೇಟಿಂಗ್‌ನಲ್ಲಿ ಇಡೀ ಲೀಗಿಗೆ ಮೊದಲಿಗರಾದರು.

ಆ ರೇಟಿಂಗ್ ಬಗ್ಗೆ ಒಂದು ಮಾತು. ಎಸೆದ ಪಾಸ್‌ಗಳಲ್ಲಿ ಎಷ್ಟು ತಲುಪಿದವು, ಎಷ್ಟು ಗಜ, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಷನ್ ಎಂಬ ನಾಲ್ಕನ್ನು ಬೆರೆಸಿ ಅದನ್ನು ತೆಗೆಯುತ್ತಾರೆ. ಗರಿಷ್ಠ 158.3. ಓಡಿ ಗಳಿಸಿದ್ದು ಅದರಲ್ಲಿ ಬರುವುದಿಲ್ಲ, ಚೆಂಡು ಹಿಡಿದುಕೊಂಡೇ ನೆಲಕ್ಕುರುಳಿದ್ದೂ ಬರುವುದಿಲ್ಲ. ಎಸೆಯುವ ಧೈರ್ಯವೇ ಮಾಡದ ಪಾಸ್ ಅಂತೂ ಯಾವ ಲೆಕ್ಕದಲ್ಲೂ ಕಾಣದು. 2012ರಲ್ಲೂ ಸ್ಮಿತ್ ರೇಟಿಂಗ್ 104 ದಾಟಿತ್ತು, 2017ರಲ್ಲೂ ದಾಟಿತು, ಎರಡೂ ಬಾರಿ ಕೋಚ್‌ಗಳು ಕೊನೆಗೆ ಇನ್ನೊಬ್ಬರನ್ನು ಆರಿಸಿಕೊಂಡರು. ಸ್ಮಿತ್ ತಪ್ಪು ಮಾಡುವುದು ಕಡಿಮೆ. ಕೇಪರ್ನಿಕ್ ಕಾಲಿನಲ್ಲಿ, ಮಹೋಮ್ಸ್ ತೋಳಿನಲ್ಲಿ, ಎದುರಾಳಿ ಎಷ್ಟೇ ಸಿದ್ಧತೆ ಮಾಡಿಕೊಂಡಿದ್ದರೂ ಅದನ್ನು ಮುರಿಯುವ ಏನೋ ಒಂದು ಇತ್ತು. ಅದನ್ನು ದಿನವೂ ಅಭ್ಯಾಸದಲ್ಲಿ ಕಣ್ಣಾರೆ ಕಂಡವರು ರೇಟಿಂಗ್ ನಂಬದಿದ್ದರೆ ಅದನ್ನು ಅವಿವೇಕ ಎನ್ನಲಾಗದು.

ಪ್ಲೇಆಫ್‌ನಲ್ಲಿ 21–3ರ ಮುನ್ನಡೆ ಇದ್ದ ಚೀಫ್ಸ್ ಟೆನೆಸ್ಸಿಗೆ 22–21ರಿಂದ ಸೋತಿತು. ಜನವರಿ ಮುಗಿಯುವುದರೊಳಗೆ ಸ್ಮಿತ್ ಅವರನ್ನು ವಾಷಿಂಗ್ಟನ್‌ಗೆ ಕಳಿಸುವ ಒಪ್ಪಂದವಾಯಿತು. 2018ರಲ್ಲಿ ಮಹೋಮ್ಸ್ 50 ಟಚ್‌ಡೌನ್ ಪಾಸ್ ಎಸೆದು ಲೀಗಿನ ಅತ್ಯಮೂಲ್ಯ ಆಟಗಾರರಾದರು. ನವೆಂಬರ್‌ನಲ್ಲೇ ಅವರನ್ನು ಇಳಿಸಿದ್ದರೆ 2017 ಚೀಫ್ಸ್‌ನದಾಗುತ್ತಿತ್ತೇ? ಇರಬಹುದು. ಆದರೆ ಒಂದು ವರ್ಷ ಸ್ಮಿತ್ ಪಕ್ಕದಲ್ಲಿ ಕೂತು, ಅವರು ವಾರವಿಡೀ ಹೇಗೆ ಸಿದ್ಧರಾಗುತ್ತಾರೆಂದು ನೋಡಿ ಕಲಿತದ್ದನ್ನು ಮಹೋಮ್ಸ್ ಆಮೇಲೆ ಹಲವು ಬಾರಿ ಸಾರ್ವಜನಿಕವಾಗಿ ನೆನೆದಿದ್ದಾರೆ. ತನ್ನ ಜಾಗ ಕಸಿಯಲೆಂದೇ ಬಂದವನಿಗೆ ಸ್ಮಿತ್ ಕಲಿಸಿದರು. ಕಲಿಸಬೇಕೆಂದು ಯಾವ ಒಪ್ಪಂದದಲ್ಲೂ ಬರೆದಿರುವುದಿಲ್ಲ.

ಹಣದ ಮಾತನ್ನೂ ಬಿಡುವಂತಿಲ್ಲ. ಕೋಟಿಗಟ್ಟಲೆ ಡಾಲರ್ ಸುರಿದು ಇಟ್ಟುಕೊಂಡವನನ್ನು ಬೆಂಚಿಗೆ ಕಳಿಸಲು ಮಾಲೀಕರ ಮನಸ್ಸು ಒಪ್ಪುವುದಿಲ್ಲ. 2001ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತನ್ನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೊ ಜೊತೆ ಹತ್ತು ವರ್ಷಕ್ಕೆ 10.3 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರ್ 23ರಂದು ಎದೆಗೆ ಬಿದ್ದ ಹೊಡೆತದಿಂದ ಒಳಗೆ ರಕ್ತಸ್ರಾವವಾಗಿ ಬ್ಲೆಡ್ಸೊ ಆಸ್ಪತ್ರೆ ಸೇರಿದರು. ಅವರ ಜಾಗಕ್ಕೆ ಹೋದವರು ಡ್ರಾಫ್ಟ್‌ನ 199ನೇ ಆಯ್ಕೆಯಾದ ಟಾಮ್ ಬ್ರೇಡಿ. ನವೆಂಬರ್‌ನಲ್ಲಿ ಬ್ಲೆಡ್ಸೊ ಚೇತರಿಸಿಕೊಂಡು, ಇಬ್ಬರಲ್ಲಿ ಯಾರೆಂದು ತೀರ್ಮಾನಿಸುವ ಹೊತ್ತಿಗೆ ತಂಡದ ಸ್ಥಿತಿ 5–5, ಅದೂ ಬ್ರೇಡಿ ಆಡಿದ ಪಂದ್ಯವೊಂದನ್ನು ಆಗಷ್ಟೇ ಸೋತು. ಕೋಚ್ ಬಿಲ್ ಬೆಲಿಚಿಕ್ ಬ್ರೇಡಿಯೇ ಎಂದರು. ತಂಡ ಅಲ್ಲಿಂದ ಒಂದೂ ಸೋಲದೆ ಒಂಬತ್ತು ಪಂದ್ಯ ಗೆದ್ದು ಸೂಪರ್ ಬೌಲ್ ಎತ್ತಿತು. ನಡುವೆ, ಪಿಟ್ಸ್‌ಬರ್ಗ್‌ನಲ್ಲಿ ನಡೆದ ಕಾನ್ಫರೆನ್ಸ್ ಫೈನಲ್‌ನಲ್ಲಿ ಬ್ರೇಡಿ ಪಾದದ ಗಂಟು ನೋಯಿಸಿಕೊಂಡಾಗ, ಅಷ್ಟು ತಿಂಗಳು ಬೆಂಚಿನಲ್ಲಿದ್ದ ಬ್ಲೆಡ್ಸೊ ಒಳಗೆ ಬಂದು ಟಚ್‌ಡೌನ್ ಪಾಸ್ ಎಸೆದು ಪಂದ್ಯ ಉಳಿಸಿಕೊಟ್ಟರು. ಬದಲಾದವನನ್ನು ಗೌರವದಿಂದ ಉಳಿಸಿಕೊಂಡರೆ ತಂಡಕ್ಕೇ ಲಾಭ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಕಂಡಿಲ್ಲ.

ವಾಷಿಂಗ್ಟನ್‌ಗೆ ಹೋದ ಸ್ಮಿತ್ 2018ರ ನವೆಂಬರ್ 18ರಂದು ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದುಕೊಂಡರು. ಗಾಯಕ್ಕೆ ಸೋಂಕು ತಗುಲಿ ಕಾಲನ್ನೇ ತೆಗೆಯಬೇಕಾದೀತು ಎಂಬ ಹಂತ ಬಂತು. 17 ಶಸ್ತ್ರಚಿಕಿತ್ಸೆಗಳ ನಂತರ 2020ರ ಅಕ್ಟೋಬರ್‌ನಲ್ಲಿ ಅವರು ಮತ್ತೆ ಅಂಗಳಕ್ಕಿಳಿದರು, ಈ ಬಾರಿ ತಾವೇ ಬೆಂಚಿನಿಂದ ಎದ್ದ ಬದಲಿ ಆಟಗಾರರಾಗಿ. ಆ ವರ್ಷ ವಾಷಿಂಗ್ಟನ್ ಒಟ್ಟು ಏಳು ಗೆದ್ದು ಒಂಬತ್ತು ಸೋತಿತು. ಸ್ಮಿತ್ ಆರಂಭಿಸಿದ ಆರು ಪಂದ್ಯಗಳಲ್ಲಿ ಮಾತ್ರ ಐದು ಗೆಲುವು. ತಂಡ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಗಳಿಸಿತು.

2021ರ ಜನವರಿ 9ರ ಪ್ಲೇಆಫ್‌ನಲ್ಲಿ ಎದುರಾಳಿ ಟ್ಯಾಂಪಾ ಬೇ, ಅದರ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಸ್ಮಿತ್‌ಗೆ ಮೀನಖಂಡದ ನೋವು. ಹಿಂದಿನ ಪಂದ್ಯದಲ್ಲಿ ಅವರು ಕುಂಟುತ್ತಲೇ ಆಡಿ ಗೆಲ್ಲಿಸಿದ್ದನ್ನು ದೇಶವೆಲ್ಲ ನೋಡಿತ್ತು. ಕೋಚ್ ರಾನ್ ರಿವೇರಾ, ಡಿಸೆಂಬರ್‌ನಲ್ಲಷ್ಟೇ ತಂಡ ಸೇರಿದ್ದ ಟೇಲರ್ ಹೈನಿಕಿಯನ್ನು ಇಳಿಸಿದರು. ಟ್ಯಾಂಪಾ ಬೇ ದಾಳಿಯೆದುರು ಕಾಲು ಕಿತ್ತು ಸರಿಯಬಲ್ಲ ಕ್ವಾರ್ಟರ್‌ಬ್ಯಾಕ್ ಅಂದು ಬೇಕಿತ್ತು, ಸ್ಮಿತ್ ಕಾಲಿಗೆ ಅದು ಆಗುತ್ತಿರಲಿಲ್ಲ. ಹೈನಿಕಿ 306 ಗಜ ಎಸೆದರು, ತಾವೇ ಓಡಿ ಒಂದು ಟಚ್‌ಡೌನ್ ಗಳಿಸಿದರು, ತಂಡ 31–23ರಿಂದ ಸೋತಿತು. ಸೋತರೂ ರಿವೇರಾ ಮಾಡಿದ ಬದಲಾವಣೆ ಸರಿ ಎಂದೇ ನಾನು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಸ್ಮಿತ್ ನಿವೃತ್ತಿ ಘೋಷಿಸಿದರು.